ಬೇಗಡೆ ಸುತ್ತದ ಫ್ಯೂಸು

"ಗುರುಗಳೇ, ಅಡಿವೆಪ್ಪನನ್ನು ಸಭೆಯಿಂದ ಬಿಡಿಸಲು ಅಪ್ಪಣೆ ಕೊಡಬೇಕು," ಎಂದು ಶಿಷ್ಯ ಕೇಳಿದ.

ಆಶ್ರಮದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುವ ಸಭೆಗೆ ಆ ಶಿಷ್ಯನೇ ಮುಖ್ಯಸ್ಥ. "ಮಾತು ಒಂದು ಹದಕ್ಕೆ ಬರುವಷ್ಟರಲ್ಲಿ ಅವನು ಎದ್ದು ಹೊರಟುಬಿಡುತ್ತಾನೆ. ಅವನ ಒಪ್ಪಿಗೆ ಇಲ್ಲದೆ ಯಾವುದೂ ಮುಂದೆ ಹೋಗುವುದಿಲ್ಲ. ಮೊನ್ನೆಯೂ ಹಾಗೇ ಆಯಿತು. ಅವನ ಜಾಗಕ್ಕೆ ಸ್ವಲ್ಪ ತಾಳಿಕೆ ಇರುವವರನ್ನು ತಂದು ಕೂರಿಸಿದರೆ ಕೆಲಸ ಸಾಗುತ್ತದೆ."

"ಕೂತುಕೋ," ಎಂದ ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಯವನಿದ್ದ. ರೇಡಿಯೋ, ಟೇಪ್‌ರೆಕಾರ್ಡರುಗಳನ್ನು ಬಿಚ್ಚಿ ಸರಿಪಡಿಸುವುದು ಅವನ ಕಸುಬು. ಕೈ ಒಳ್ಳೆಯದಿತ್ತು, ಬಾಯಿ ಅಷ್ಟು ಒಳ್ಳೆಯದಿರಲಿಲ್ಲ. ಆ ಊರಿನಲ್ಲಿ ಒಂದು ರೂಢಿಯಿತ್ತು. ಯಂತ್ರದ ಫ್ಯೂಸು ಸುಟ್ಟುಹೋದರೆ ಸಿಗರೇಟು ಪ್ಯಾಕಿನೊಳಗಿನ ಹೊಳೆಯುವ ಬೇಗಡೆಯನ್ನು ಹರಿದು, ಅದೇ ಫ್ಯೂಸಿಗೆ ಸುತ್ತಿ, ಮತ್ತೆ ಕೂರಿಸುತ್ತಿದ್ದರು. ಫ್ಯೂಸಿನ ಒಳಗಿರುವುದು ಕೂದಲೆಳೆಯಂಥ ತಂತಿ. ಕರೆಂಟು ಮಿತಿ ಮೀರಿ ಹರಿದರೆ ತಾನು ಕರಗಿ ದಾರಿ ಕಡಿಯುವುದೇ ಅದರ ಕೆಲಸ. ಬೇಗಡೆ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಬೀದಿಯ ಉಳಿದ ಅಂಗಡಿಯವರೆಲ್ಲ ಸುತ್ತಿಕೊಡುತ್ತಿದ್ದರು. ಇವನೊಬ್ಬ ಸುತ್ತುತ್ತಿರಲಿಲ್ಲ. ಅದಕ್ಕಾಗಿ ಮೊಂಡ ಎಂಬ ಹೆಸರು ಬಿದ್ದಿತ್ತು. ಆ ಹೆಸರನ್ನು ಅವನು ಅಲ್ಲಗಳೆಯಲು ಹೋಗಲಿಲ್ಲ.

ಒಮ್ಮೆ ಒಬ್ಬ ವರ್ತಕ ಹಳೆಯ ಸ್ಪೂಲ್ ಟೇಪ್‌ರೆಕಾರ್ಡರನ್ನು ಹೊರಿಸಿಕೊಂಡು ಅವನ ಅಂಗಡಿಗೆ ಬಂದ. ಜೊತೆಯಲ್ಲಿ ಭಾವಮೈದುನನೂ ಇದ್ದ. ಮರುದಿನ ವರ್ತಕನ ಮಗಳ ಮದುವೆ. ಮಗಳು ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಿದ್ದಳು. ಆಕೆ ಹಾಡಿದ್ದ ಒಂದು ಆರತಿ ಹಾಡು ಮಾತ್ರ ಟೇಪಿನಲ್ಲಿ ಉಳಿದಿತ್ತು. ಹಸೆಗೆ ಕೂತ ಮಗಳಿಗೆ ಬೇರೆ ಯಾರೂ ಹಾಡಬಾರದು, ತಾಯಿಯ ದನಿಯಲ್ಲೇ ಆರತಿ ಆಗಬೇಕು ಎಂದು ವರ್ತಕ ಮನಸ್ಸು ಮಾಡಿದ್ದ. ಆದರೆ ಯಂತ್ರ ಹಾಡುತ್ತಿರಲಿಲ್ಲ. ಹಾಕಿದ ಫ್ಯೂಸೆಲ್ಲ ಸುಟ್ಟುಹೋಗುತ್ತಿತ್ತು.

ರಿಪೇರಿಯವನು ಹೊಸ ಫ್ಯೂಸು ಹಾಕಿ ನೋಡಿದ. ಯಂತ್ರ ಸುಮ್ಮನಿರುವಾಗ ಅದು ಸುಡದೆ ಉಳಿಯಿತು. ಹಾಡಿಸುವ ಹಿಡಿಯನ್ನು ತಿರುಗಿಸಿದ ಕೂಡಲೇ ಸುಟ್ಟಿತು. ಇನ್ನೊಂದು ಹಾಕಿದ. ಅದೂ ಹಾಗೆಯೇ ಹೋಯಿತು.

ಭಾವಮೈದುನ ನಗುತ್ತಾ ಜೇಬಿನಿಂದ ಸಿಗರೇಟು ಪ್ಯಾಕು ತೆಗೆದು ಬೇಗಡೆ ಹರಿದ. "ಕಡ್ಡಿಯಷ್ಟು ಗಾಜಿನ ಕೊಳವೆಗೆ ಇಷ್ಟು ಮರ್ಯಾದೆಯೇ ಮಾರಾಯ? ಇದನ್ನು ಸುತ್ತು, ಮುಗಿಯಿತು. ಒಂದು ಹಾಡು ತಾನೇ? ಆಮೇಲೆ ಬೇಕಾದರೆ ಯಂತ್ರ ಸಾಯಲಿ."

"ಅದನ್ನು ಸುತ್ತುವ ಕೈ ನನ್ನದಲ್ಲ," ಎಂದ ರಿಪೇರಿಯವನು.

ವರ್ತಕನ ಮುಖ ಕೆಂಪಾಯಿತು. "ನಿನ್ನ ಹಠಕ್ಕೆ ನನ್ನ ಮನೆಯ ಶುಭಕಾರ್ಯ ಕೆಡಬೇಕೇನಯ್ಯ? ಸುತ್ತಿಕೊಡುವವರು ಎದುರು ಅಂಗಡಿಯಲ್ಲೇ ಇದ್ದಾರೆ."

"ಇದ್ದಾರೆ. ಧಾರಾಳವಾಗಿ ಎತ್ತಿಕೊಂಡು ಹೋಗಿ. ಆದರೆ ಈ ಫ್ಯೂಸು ಬರಿದೇ ಸುಡುತ್ತಿಲ್ಲ ಸ್ವಾಮಿ. ಒಳಗೆ ಎಲ್ಲೋ ಕರೆಂಟು ದಾರಿ ತಪ್ಪಿದೆ. ಎಲ್ಲಿ ಎಂದು ನನಗೆ ತಿಳಿಯದು. ತಿಳಿಯುವ ತನಕ ಅದರ ಬಾಯಿಗೆ ಬಟ್ಟೆ ತುರುಕಲಾರೆ." ಅವನು ಯಂತ್ರವನ್ನು ವರ್ತಕನ ಕಡೆಗೆ ತಳ್ಳಿದ. "ಹೊರಡುವ ಮುಂಚೆ ಒಂದು ಹೇಳಿ. ನಾಳೆ ಈ ಹಿಡಿ ತಿರುಗಿಸುವವರು ಯಾರು?"

"ನನ್ನ ಮಗಳೇ. ಅಮ್ಮನನ್ನು ತಾನೇ ಹಾಡಿಸಬೇಕು ಎಂದಿದ್ದಾಳೆ."

ರಿಪೇರಿಯವನು ಆ ಹಿಡಿಯ ಮೇಲೆ ಒಮ್ಮೆ ಬೆರಳಿಟ್ಟು ತೋರಿಸಿದ. ಅದು ಲೋಹದ್ದು. ಅದು ಕೂತಿದ್ದ ಮುಖಫಲಕವೂ ಲೋಹದ್ದು. ಹಸೆಗೆ ಕೂತ ಹುಡುಗಿಯ ಕೈ ಅರಿಶಿನದಲ್ಲಿ ಒದ್ದೆಯಾಗಿರುತ್ತದೆ ಎಂಬುದನ್ನು ವರ್ತಕನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಎತ್ತಿಕೊಳ್ಳಲು ಚಾಚಿದ್ದ ಕೈಯನ್ನು ವರ್ತಕ ಹಿಂದಕ್ಕೆ ತೆಗೆದ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. "ಹುಡುಕು," ಎಂದ.

ರಿಪೇರಿಯವನು ಸ್ಪೂಲನ್ನು ಕಳಚಿ ವರ್ತಕನ ತೊಡೆಯ ಮೇಲಿಟ್ಟ. ಕರೆಂಟು ಬರುವ ದಾರಿಯಲ್ಲಿ ಫ್ಯೂಸಿನ ಬದಲು ಒಂದು ಬಲ್ಬು ಕೂರಿಸಿದ. ದೋಷ ಎದ್ದಾಗಲೆಲ್ಲ ಬಲ್ಬು ಪ್ರಖರವಾಗಿ ಉರಿಯಬೇಕು, ಯಂತ್ರಕ್ಕೆ ಏಟಾಗಬಾರದು. ಮೋಟಾರಿನ ತಂತಿ ಬಿಚ್ಚಿ, ರಬ್ಬರು ಗವಸು ತೊಟ್ಟು ಹಿಡಿ ತಿರುಗಿಸಿದ. ಬಲ್ಬು ಧಗ್ಗೆಂದಿತು. ಮೋಟಾರಲ್ಲ. ವಾಲ್ವುಗಳನ್ನು ಒಂದೊಂದಾಗಿ ಕಿತ್ತು ತಿರುಗಿಸಿದ. ಆಗಲೂ ಧಗ್ಗೆಂದಿತು. ವಾಲ್ವೂ ಅಲ್ಲ. ಭಾವಮೈದುನ ಆಕಳಿಸಿ, ಬೇಗಡೆಯನ್ನು ಉಂಡೆ ಮಾಡಿ ಮೇಜಿನ ಮೇಲೆ ಉರುಳಿಸುತ್ತಾ ಕೂತ. ರಿಪೇರಿಯವನಿಗೂ ಒಳಗೊಳಗೆ ಅಳುಕಿತ್ತು. ಸಿಗದಿದ್ದರೆ ಮದುವೆಮನೆಯ ಶಾಪ ತನಗೇ ಎಂದು ಅವನಿಗೆ ಗೊತ್ತಿತ್ತು. ಸಿಗದಿದ್ದರೂ ಸುತ್ತುವುದಿಲ್ಲ ಎಂಬುದೂ ಗೊತ್ತಿತ್ತು.

ಪ್ಲಗ್ಗು ಕಿತ್ತು ಯಂತ್ರವನ್ನು ಮಗುಚಿ ಹಾಕಿದ. ಹಿಡಿಯನ್ನು ತೀರ ನಿಧಾನವಾಗಿ ತಿರುಗಿಸುತ್ತಾ ಅದರ ಕೆಳಗೆ ಕಣ್ಣಿಟ್ಟ. ಒಳಗಿನ ಒಂದು ಸರಳು ಸರಿದು ಬಂದು ಒಂದು ತಂತಿಯ ಮೇಲೆ ಒರಗಿತು. ಎಷ್ಟೋ ವರ್ಷ ಹಾಗೆ ಒರಗಿ ಒರಗಿ ತಂತಿಯ ಹೊದಿಕೆ ಸವೆದಿತ್ತು. ಒಳಗಿನ ತಾಮ್ರ ಹೊಳೆಯುತ್ತಿತ್ತು. ಹಾಡಿಸಲು ಹೋದಾಗಲೆಲ್ಲ ಕರೆಂಟು ಆ ಸರಳಿಗೆ ಇಳಿಯುತ್ತಿತ್ತು. ಸರಳಿನ ಇನ್ನೊಂದು ತುದಿಯೇ ಹುಡುಗಿ ಮುಟ್ಟಬೇಕಾಗಿದ್ದ ಹಿಡಿ.

ತಂತಿಗೆ ಹೊಸ ಹೊದಿಕೆ ತೊಡಿಸಿ, ಪಕ್ಕಕ್ಕೆ ಸರಿಸಿ ಬಿಗಿದ. ಬಲ್ಬು ತೆಗೆದು, ಮೊದಲಿದ್ದ ಅಳತೆಯದೇ ಫ್ಯೂಸು ಹಾಕಿದ. ಸ್ಪೂಲು ಏರಿಸಿ ಹಿಡಿ ತಿರುಗಿಸಿದ. ಫ್ಯೂಸು ಸುಡಲಿಲ್ಲ. ಅಂಗಡಿಯೊಳಗೆ ಒಬ್ಬ ಹೆಂಗಸು ಆರತಿ ಹಾಡತೊಡಗಿದಳು. ವರ್ತಕ ತಲೆ ತಗ್ಗಿಸಿ ಕೇಳಿದ.

ಭಾವಮೈದುನ ಮಾತ್ರ ಸೋಲಲು ಒಪ್ಪಲಿಲ್ಲ. "ಬೇಗಡೆ ಸುತ್ತಿದ್ದರೂ ಇದೇ ಹಾಡು ಬರುತ್ತಿತ್ತು," ಎಂದ.

"ಬರುತ್ತಿತ್ತು," ಎಂದ ರಿಪೇರಿಯವನು, ಉಪಕರಣಗಳನ್ನು ಒರೆಸಿಡುತ್ತಾ. "ಅದನ್ನು ಕೇಳಲು ಮದುಮಗಳು ಇರುತ್ತಿದ್ದಳೋ ಇಲ್ಲವೋ, ನೀವು ಹೇಳಿ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅಡಿವೆಪ್ಪನನ್ನು ಇಟ್ಟುಕೊಳ್ಳಬೇಕು ಎನ್ನುತ್ತೀರಾ?"

"ಅವನು ಎದ್ದು ಹೊರಟಾಗ ಅಲ್ಲಿ ಯಾವ ಮಾತು ನಡೆಯುತ್ತಿತ್ತು ಎಂಬುದನ್ನು ನೀನು ನನಗೆ ಇನ್ನೂ ಹೇಳಿಲ್ಲ," ಎಂದರು ಗುರುಗಳು.