ಗೆಜ್ಜೆ ಕಟ್ಟಿದ ಬೆಂಡು

ಶಾಲೆಗಳಿಗಾಗಿ ಕಂಪ್ಯೂಟರ್ ಆಟಗಳನ್ನು ಮಾಡುವ ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ:

“ಗುರುಗಳೇ, ಮಕ್ಕಳಿಗೆ ಭಿನ್ನರಾಶಿ ಕಲಿಸಲು ಒಂದು ಆಟ ಮಾಡಿದ್ದೇನೆ. ಮಗು ತಪ್ಪಿದರೆ ಆಟವೇ ಸುಳಿವು ಕೊಡುತ್ತದೆ. ಮತ್ತೆ ತಪ್ಪಿದರೆ ಉತ್ತರದ ಮುಂದೆಯೇ ತಂದು ನಿಲ್ಲಿಸುತ್ತದೆ. ಯಾರೂ ಸೋಲುವುದಿಲ್ಲ. ಗಂಟೆ ಹೊಡೆದರೂ ಮಕ್ಕಳು ಏಳುವುದಿಲ್ಲ. ಆದರೆ ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ ಒಬ್ಬರಿಗೂ ಬರುವುದಿಲ್ಲ, ಇದು ಬೇಡ ಎಂದು ಒಬ್ಬ ಮೇಷ್ಟ್ರು ಹಟ ಹಿಡಿದಿದ್ದಾರೆ. ಮುಂದಿನ ತಿಂಗಳು ಆಟ ಜಿಲ್ಲೆಯ ಎಲ್ಲ ಶಾಲೆಗಳಿಗೂ ಹೋಗಬೇಕು. ಅವರೊಬ್ಬರ ಮಾತಿಗೆ ನಿಲ್ಲಿಸಬೇಕೆ?”

ಗುರು ಅವನಿಗೆ ಕೂರಲು ಹೇಳಲಿಲ್ಲ. ನಿಂತವನಿಗೇ ಕತೆ ಹೇಳಿದ.

ಒಂದು ಊರಿನಲ್ಲಿ ಒಬ್ಬ ರೈತ ತನ್ನ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ. ಮೊದಲು ಬೆನ್ನಿಗೆ ಒಣ ಬೆಂಡಿನ ತುಂಡುಗಳನ್ನು ಕಟ್ಟಿ ನೀರಿಗೆ ಬಿಡುವನು. ಕೈಕಾಲು ಹಿಡಿತಕ್ಕೆ ಬಂದಂತೆ ಒಂದೊಂದೇ ತುಂಡು ತೆಗೆಯುವನು. ಮಕ್ಕಳು ನೀರು ಕುಡಿಯುತ್ತಿದ್ದವು, ಅಳುತ್ತಿದ್ದವು, ಅವನನ್ನು ಬೈಯುತ್ತಿದ್ದವು. ಕೊನೆಗೆ ಬರಿ ಬೆನ್ನಿನಲ್ಲಿ ಈಜುತ್ತಿದ್ದವು.

ಅದೇ ಊರಿನ ಒಬ್ಬ ಬಡಗಿಗೆ ಆ ಅಳು ಕೇಳಿ ಮರುಕವಾಯಿತು. ಅವನು ಬೆಂಡುಗಳಿಗೆ ಬಣ್ಣ ಹಚ್ಚಿ, ಬೆನ್ನಿಗೆ ಕಟ್ಟುವ ಚೆಂದದ ಪಟ್ಟಿ ಮಾಡಿ, ಮಕ್ಕಳನ್ನು ಕೆರೆಗೆ ಕರೆದೊಯ್ದ. ಆಚೆ ದಡ ಮುಟ್ಟಿ ಬಂದವರ ಪಟ್ಟಿಗೆ ಪ್ರತಿ ಸಲವೂ ಒಂದು ಗೆಜ್ಜೆ ಕಟ್ಟಿದ. ಕೆರೆಯ ತುಂಬ ನಗು. ತಾಯಂದಿರು ಅವನನ್ನು ಹರಸಿದರು.

ರೈತ ಕೆರೆಯ ಏರಿಯ ಮೇಲೆ ನಿಂತು ಕೇಳಿದ: “ಬೆಂಡು ಬಿಚ್ಚೋದು ಯಾವಾಗಪ್ಪಾ?”

“ಬಿಚ್ಚಿದ್ರೆ ಅಳ್ತಾವೆ ಗೌಡ್ರೇ. ಅತ್ತ ಮಗು ನಾಳೆ ಬರಲ್ಲ.”

“ನನ್ನ ಬಾವೀಲಿ ಅಳದೆ ಕಲಿತೋರು ಯಾರೂ ಇಲ್ಲ.”

“ಅದಕ್ಕೇ ಈಗ ನಿಮ್ಮ ಬಾವಿಗೆ ಕಪ್ಪೆಗಳು ಮಾತ್ರ ಬರ್ತಾವೆ.”

ಒಂದು ಬೆಳಿಗ್ಗೆ ಕೊಡ ತೊಳೆಯಲು ಹೋದ ಒಬ್ಬ ಹುಡುಗಿ ಕೆರೆಯ ಮೆಟ್ಟಿಲಲ್ಲಿ ಜಾರಿ ನೀರಿಗೆ ಬಿದ್ದಳು. ಬೆನ್ನಿಗೆ ಪಟ್ಟಿ ಇರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಗಾಬರಿಯಾಗಲಿಲ್ಲ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಗೆಜ್ಜೆ ಗಳಿಸಿದವಳು ಅವಳೇ. ಈಜಿ ಬರುತ್ತಾಳೆ ಎಂದು ನೋಡುತ್ತ ನಿಂತರು. ಅವರಲ್ಲಿ ಅವಳ ತಾಯಿಯೂ ಇದ್ದಳು. ನೀರು ಸುಮ್ಮನಾದ ಮೇಲೆ ಒಬ್ಬಳು ಕೂಗಿದಳು. ಬಾವಿಯ ಕಡೆಯಿಂದ ರೈತ ಓಡಿ ಬಂದು ಧುಮುಕುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಗುರು ಕತೆ ನಿಲ್ಲಿಸಿದ.

ಶಿಷ್ಯ ತಲೆ ತಗ್ಗಿಸಿ ಹೇಳಿದ: “ಆದರೂ ಬಡಗಿ ಕೆಟ್ಟವನಲ್ಲ, ಗುರುಗಳೇ.”

“ಕೆಟ್ಟವನಾಗಿದ್ದರೆ ತಾಯಂದಿರು ಮಕ್ಕಳನ್ನು ಅವನ ಕೈಗೆ ಕೊಡುತ್ತಲೇ ಇರಲಿಲ್ಲವಲ್ಲ.”