ತೊಟ್ಟಿಲಿನ ಹಗ್ಗ ಮತ್ತು ಸಂತೆಯ ಗೋಡೆ

“ಬುದ್ಧಿ, ನಾನು ಮಾಡದ ತಪ್ಪನ್ನು ಯಾರೋ ನನ್ನ ಅಂಗಡಿಯ ಮೇಲೆ ಬರೆದು ಹೋಗಿದ್ದಾರೆ. ಅದನ್ನು ಅಳಿಸುವುದು ಹೇಗೆ?”

ಸೋಮವಾರದ ಪೂಜೆ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ದಾಕ್ಷಾಯಣಿ ಮಠದ ಗುರುಗಳನ್ನು ಹೀಗೆ ಕೇಳಿದಳು. ಎಳೆ ಮಕ್ಕಳಿಗೆ ತಿನ್ನಿಸುವ ಮೊಳಕೆ ರಾಗಿ ಹಿಟ್ಟು ಮಾಡಿ ಆನ್‌ಲೈನಿನಲ್ಲಿ ಮಾರುವುದು ಅವಳ ಕಸುಬು. ಅಂಗಡಿ ಎಂದರೆ ಅವಳ ಕೈಯಲ್ಲಿದ್ದ ಫೋನು.

“ಏನು ಬರೆದಿದ್ದಾರೆ?” ಎಂದು ಗುರುಗಳು ಕೇಳಿದರು.

“ಹಿಟ್ಟಿನಲ್ಲಿ ಹುಳು ಇತ್ತು ಅಂತ. ಒಂದೇ ಸ್ಟಾರ್ ಕೊಟ್ಟಿದ್ದಾಳೆ ಮಹಾತಾಯಿ. ಸಂಕ್ರಾಂತಿಗೆ ಕೊಂಡ ಪ್ಯಾಕೆಟ್ಟು, ಯುಗಾದಿಗೆ ಬರೆದಿದ್ದಾಳೆ. ಎರಡು ತಿಂಗಳು ಬಾಯಿ ತೆರೆದಿಟ್ಟರೆ ಹುಳು ಬರದೆ ನೆಂಟರು ಬರುತ್ತಾರೆಯೇ? ಕಂಪನಿಯವರಿಗೆ ತಿಳಿಸಿದೆ. ಕೊಂಡವರ ಮಾತನ್ನು ತೆಗೆಯುವುದಿಲ್ಲ ಎಂದರು. ಅದನ್ನು ಓದಿದವರು ಯಾರೂ ಕೊಳ್ಳುತ್ತಿಲ್ಲ. ಈ ತಿಂಗಳೊಳಗೆ ರೇಟಿಂಗ್ ಏರದಿದ್ದರೆ ಅಂಗಡಿಯನ್ನೇ ಮುಚ್ಚುತ್ತಾರಂತೆ. ನನ್ನ ಜೊತೆ ರಾಗಿ ಹುರಿಯುವ ಇಬ್ಬರು ಹೆಂಗಸರ ಮನೆಯ ಒಲೆಯೂ ಆರುತ್ತದೆ.”

“ಉತ್ತರ ಬರೆಯಲು ಜಾಗವಿಲ್ಲವೇ?”

“ಇದೆ. ಬರೆದಿಟ್ಟಿದ್ದೇನೆ. ಕಳಿಸಿಲ್ಲ.”

“ಓದು, ನೋಡೋಣ.”

ಅವಳು ಫೋನು ತೆಗೆದು ಓದಿದಳು. “‘ನಿಮ್ಮ ಡಬ್ಬದ ಹುಳುವನ್ನು ಹೆತ್ತ ತಾಯಿ ನಾನಲ್ಲ.’”

ಗುರುಗಳು ನಕ್ಕರು. “ಮಾತು ಚೂಪಾಗಿದೆ ತಾಯಿ. ಒಂದು ಕತೆ ಕೇಳಿ ಆಮೇಲೆ ಕಳಿಸು.” ಹೀಗೆಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ವಾರಕ್ಕೊಮ್ಮೆ ಸಂತೆ ಸೇರುತ್ತಿತ್ತು. ಸಂತೆಯ ಹೆಬ್ಬಾಗಿಲ ಒಳಗಡೆ ಒಂದು ಕರಿಕಲ್ಲಿನ ಗೋಡೆ ಇತ್ತು. ಅದರ ಮೇಲೆ ಪ್ರತಿಯೊಬ್ಬ ಮಾರಾಟಗಾರನ ಗುರುತು ಕೊರೆದಿತ್ತು. ಕೊಂಡವರು ಯಾರೇ ಆಗಲಿ, ಆ ಗುರುತಿನ ಕೆಳಗೆ ಸುಣ್ಣದಲ್ಲಿ ತಮ್ಮ ಮಾತು ಬರೆಯಬಹುದಿತ್ತು. ಮಾರಿದವನು ಅದರ ಕೆಳಗೆ ಒಂದು ಸಾಲು ಉತ್ತರ ಬರೆಯಬಹುದಿತ್ತು. ಅಳಿಸುವ ಹಕ್ಕು ಮಾತ್ರ ಬರೆದವನಿಗೇ ಸೇರಿದ್ದು. ಊರ ಗೌಡನೂ ಇನ್ನೊಬ್ಬರ ಅಕ್ಷರವನ್ನು ಮುಟ್ಟುವಂತಿರಲಿಲ್ಲ. ಸಂತೆಗೆ ಬಂದವರು ಮೊದಲು ಗೋಡೆ ಓದಿ ಆಮೇಲೆ ಒಳಗೆ ಹೋಗುತ್ತಿದ್ದರು. ಓದು ಬಾರದವರಿಗೆ ಬಾಗಿಲಲ್ಲಿ ಕೂತ ಒಬ್ಬ ಮುದುಕ ಓದಿ ಹೇಳುತ್ತಿದ್ದ. ಅವನು ಕೇಳದವರಿಗೂ ಹೇಳುತ್ತಿದ್ದ.

ಆ ಸಂತೆಯಲ್ಲಿ ಹಗ್ಗ ಹೊಸೆಯುವ ಒಬ್ಬ ಹೆಂಗಸು ಇದ್ದಳು. ಅವಳು ತೊಟ್ಟಿಲಿನ ಹಗ್ಗ ಒಂದನ್ನೇ ಮಾರುತ್ತಿದ್ದಳು. ಪುಂಡಿ ನಾರಿನ ಮೂರು ಎಳೆ ಹೊಸೆದ ಹಗ್ಗ. ಎಳೆ ಮಗುವಿನ ಕೈಗೂ ತರಚದಷ್ಟು ನಯ. ಹತ್ತು ವರ್ಷದಿಂದ ಗೋಡೆಯ ಮೇಲೆ ಅವಳ ಗುರುತಿನ ಕೆಳಗೆ ಯಾರೂ ಕೆಟ್ಟ ಮಾತು ಬರೆದಿರಲಿಲ್ಲ.

ಒಬ್ಬ ರೈತ ಅವಳಿಂದ ಹಗ್ಗ ಕೊಂಡು ಹೋದ. ಹೋಗುವ ದಾರಿಯಲ್ಲಿ ಅವನ ಗಾಡಿಯ ಚಕ್ರ ಕೆಸರಿನಲ್ಲಿ ಹೂತಿತು. ಕೈಗೆ ಸಿಕ್ಕಿದ್ದು ಅದೇ ಹಗ್ಗ. ಅದನ್ನು ಗಾಡಿಗೆ ಬಿಗಿದು ಎತ್ತುಗಳಿಂದ ಎಳೆಸಿದ. ಹಗ್ಗ ಹರಿಯಿತು. ಮನೆಗೆ ಹೋದಾಗ ಹೆಂಡತಿ ತೊಟ್ಟಿಲಿನ ಹಗ್ಗ ಎಲ್ಲಿ ಎಂದು ಕೇಳಿದಳು. ಹರಿಯಿತು ಎಂದ. ಹೊಸ ಹಗ್ಗ ಅದು ಹೇಗೆ ಹರಿಯಿತು, ಎಂಥ ಹಗ್ಗ ಕೊಟ್ಟಿದ್ದಾಳೆ ಅವಳು ಎಂದು ಹೆಂಡತಿ ರೇಗಿದಳು. ಕೆಸರಿನ ವಿಷಯ ಹೇಳಿದರೆ ಬೈಗುಳ ತನ್ನ ಕಡೆಗೆ ತಿರುಗುತ್ತದೆ ಎಂದು ರೈತನಿಗೆ ಗೊತ್ತಿತ್ತು. ಮುಂದಿನ ಸಂತೆಗೆ ಎಲ್ಲರಿಗಿಂತ ಮೊದಲು ಬಂದು ಗೋಡೆಯ ಮೇಲೆ ಬರೆದ: “ಇವಳ ಹಗ್ಗ ಹರಿಯಿತು.”

ಬರೆದ ಮೂರು ಪದಗಳಲ್ಲಿ ಸುಳ್ಳಿರಲಿಲ್ಲ. ಬರೆಯದೆ ಬಿಟ್ಟದ್ದು ದೊಡ್ಡ ಸುಳ್ಳಾಗಿತ್ತು. ತೊಟ್ಟಿಲಿನ ಹಗ್ಗ ಹರಿಯಿತು ಎಂದು ಓದಿದ ಯಾವ ತಾಯಿ ತಾನೇ ಕೆಸರನ್ನು ನೆನೆಯುತ್ತಾಳೆ? ಎಲ್ಲರೂ ಮಗುವನ್ನು ನೆನೆದರು.

ಆ ದಿನ ಹಗ್ಗದವಳ ಮುಂದೆ ಯಾರೂ ಕೊಳ್ಳಲು ನಿಲ್ಲಲಿಲ್ಲ. ನಿಂತವರು ಗುಸುಗುಸು ಮಾತಾಡಿ ಮುಂದೆ ಹೋದರು. ಗಾಡಿ ಎಳೆದದ್ದನ್ನು ಕಂಡವರಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಸುದ್ದಿ ಅವಳ ಕಿವಿಗೂ ಬಿತ್ತು. ಪಕ್ಕದಲ್ಲಿ ಬಳೆ ಮಾರುವವಳು ಸುಣ್ಣದ ಉಂಡೆಯನ್ನು ಅವಳ ಕೈಗೆ ತುರುಕಿದಳು.

“ಹೋಗಿ ಬರಿಯೇ ಕೆಳಗೆ. ಈ ಮಹಾನುಭಾವ ತೊಟ್ಟಿಲಲ್ಲಿ ಎತ್ತು ಮಲಗಿಸಿ ತೂಗಿದ ಅಂತ ಬರಿ.”

ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಹಗ್ಗದವಳಿಗೂ ನಗು ಬಂತು. ಒಳ್ಳೆಯ ಸಾಲು. ಸತ್ಯವಾದ ಸಾಲು. ಅದನ್ನು ಬರೆದುಬಿಟ್ಟರೆ ರೈತ ಸಾಯುವ ತನಕ ಆ ಸಂತೆಯಲ್ಲಿ ತಲೆ ಎತ್ತುವಂತಿರಲಿಲ್ಲ. ಅವಳು ಸುಣ್ಣ ಹಿಡಿದು ಗೋಡೆಯ ಬಳಿ ಹೋದಳು.

ಅಲ್ಲಿ ಒಬ್ಬ ಬಾಣಂತಿ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಮುದುಕ ಅವಳಿಗೆ ಗೋಡೆಯನ್ನು ಓದಿ ಹೇಳಿ ಮುಗಿಸಿದ್ದ. ತೊಟ್ಟಿಲಿಗೆ ಹಗ್ಗ ಕೊಳ್ಳಲೆಂದೇ ಅವಳು ಎರಡು ಹರದಾರಿ ನಡೆದು ಬಂದಿದ್ದಳು.

“ಇದು ನಿಜವೇನಕ್ಕ?” ಎಂದು ಅವಳು ಹಗ್ಗದವಳನ್ನು ಕೇಳಿದಳು.

“ಅಲ್ಲಮ್ಮ. ಅವನು ಅದರಲ್ಲಿ ಗಾಡಿ ಎಳೆಸಿದ.”

“ಗಾಡಿ ಎಳೆಸಿದ ಅಂತ ನೀನು ಹೇಳುತ್ತೀಯ. ಹರಿಯಿತು ಅಂತ ಅವನು ಹೇಳುತ್ತಾನೆ. ನನ್ನ ಮಗುವಿಗೆ ನೀವಿಬ್ಬರೂ ನೆಂಟರಲ್ಲ.”

ಹಗ್ಗದವಳು ಕೈಯಲ್ಲಿದ್ದ ಸುಣ್ಣವನ್ನು ನೋಡಿದಳು. ಅವಳು ಏನು ಬರೆದರೂ ಈ ತಾಯಿಯ ಮುಂದೆ ಅದು ಇನ್ನೊಂದು ಬಾಯಿಯ ಮಾತು, ಅಷ್ಟೆ. ರೈತನನ್ನು ಸೋಲಿಸಬಹುದು. ಇವಳನ್ನು ನಂಬಿಸಲಾಗದು.

ಅವಳು ಸುಣ್ಣವನ್ನು ಕೆಳಗಿಟ್ಟಳು. ತನ್ನ ಜಾಗಕ್ಕೆ ಹೋಗಿ, ಮಾರಲು ತಂದ ರಾಶಿಯಿಂದ ಒಂದು ಹಗ್ಗ ಎತ್ತಿಕೊಂಡಳು. ಗೋಡೆಯ ಎದುರಿಗೆ ಒಂದು ಹುಣಸೆ ಮರವಿತ್ತು. ಅದರ ಕೊಂಬೆಗೆ ಹಗ್ಗ ಹಾಕಿ ಬಿಗಿದು, ಹಳೆ ಸೀರೆಯ ಜೋಲಿ ಕಟ್ಟಿದಳು. ಅವಳಿಗೂ ಏಳು ತಿಂಗಳ ಮಗು ಇತ್ತು. ಅದನ್ನು ಎತ್ತಿ ತಂದಳು. ಅವಳು ಏನು ಮಾಡಹೊರಟಿದ್ದಾಳೆ ಎಂದು ಸಂತೆಗೆ ಅರ್ಥವಾಯಿತು. ಕೊಳ್ಳುವವರು ಕೊಳ್ಳುವುದನ್ನು ಬಿಟ್ಟರು, ತೂಗುವವರು ತಕ್ಕಡಿಯನ್ನು ಕೆಳಗಿಟ್ಟರು.

ಅವಳು ಮಗುವನ್ನು ಜೋಲಿಯ ಮೇಲೆ ಹಿಡಿದಳು. ಮಲಗಿಸಬೇಕು. ಕೈ ನಿಂತಿತು.

“ಯಾಕೆ ಬುದ್ಧಿ?” ದಾಕ್ಷಾಯಣಿ ನಡುವೆಯೇ ಕೇಳಿದಳು. “ಅವಳ ಹಗ್ಗದಲ್ಲಿ ತಪ್ಪಿರಲಿಲ್ಲವಲ್ಲ. ಅವನು ಬರೆದದ್ದು ಅನ್ಯಾಯ.”

“ಅನ್ಯಾಯವೇ ತಾಯಿ. ಅದನ್ನು ನ್ಯಾಯ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಕೈ ನಿಂತಿತು, ಅಷ್ಟು ಹೇಳಿದೆ.”

ಗುರುಗಳು ಕತೆ ಮುಂದುವರಿಸಿದರು.

ಹಗ್ಗ ಹೊಸೆಯುವವರಲ್ಲಿ ಒಂದು ವಾಡಿಕೆ ಇದೆ. ಒಂದು ಹಗ್ಗ ಮುಗಿದಾಗ ಉಳಿದ ತುಂಡು ನಾರನ್ನು ಎಸೆಯುವುದಿಲ್ಲ. ಮುಂದಿನ ಹಗ್ಗದ ನಡುವೆ ಸೇರಿಸಿ ಹೊಸೆಯುತ್ತಾರೆ. ಅವಳ ತಾಯಿ ಹಾಗೆ ಮಾಡುತ್ತಿದ್ದಳು, ತಾಯಿಯ ತಾಯಿಯೂ ಹಾಗೇ ಮಾಡುತ್ತಿದ್ದಳು. ಅದರಲ್ಲಿ ಮೋಸವಿಲ್ಲ. ಮೇಲೆ ಹೊಸ ನಾರು ಸುತ್ತಿದ ಮೇಲೆ ಹಳೆಯದು ಎಲ್ಲಿದೆ ಎಂದು ಹೊಸೆದವಳಿಗೂ ತಿಳಿಯುವುದಿಲ್ಲ.

ಆದರೆ ತನ್ನ ಮಗು ಹುಟ್ಟುವ ತಿಂಗಳಲ್ಲಿ ಮನೆಯ ತೊಟ್ಟಿಲಿಗೆ ಹಗ್ಗ ಹೊಸೆದಾಗ ಅವಳು ಹಳೆಯ ನಾರು ಸೇರಿಸಿರಲಿಲ್ಲ. ಹಿಡಿ ಹಿಡಿ ನಾರನ್ನೂ ಬಿಸಿಲಿಗೆ ಹಿಡಿದು ನೋಡಿ ಆರಿಸಿದ್ದಳು. ಸೇರಿಸಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ತನಗೆ ತಾನು ಹೇಳಿಕೊಂಡಿರಲಿಲ್ಲ. ಕೈ ಆರಿಸಿತ್ತು. ಈಗ ಅದೇ ಕೈ ನಿಂತಿತು. ತಾನು ಎರಡು ಬಗೆಯ ಹಗ್ಗ ಹೊಸೆಯುತ್ತಿದ್ದೇನೆ ಎಂಬುದು ಹತ್ತು ವರ್ಷದ ಕಸುಬಿನಲ್ಲಿ ಅವಳಿಗೆ ತಿಳಿದದ್ದು ಆ ಗಳಿಗೆಯಲ್ಲಿ, ಸಾವಿರ ಕಣ್ಣುಗಳ ಮುಂದೆ.

ಅವಳು ಮಗುವನ್ನು ಬಳೆಯವಳ ಮಡಿಲಿಗೆ ಕೊಟ್ಟಳು. ಕೊಂಬೆಯಿಂದ ಹಗ್ಗ ಬಿಚ್ಚಿದಳು.

“ನೋಡಿದಿರಾ, ಅವಳಿಗೇ ನಂಬಿಕೆ ಇಲ್ಲ” ಎಂದು ಯಾರೋ ಅಂದರು. ಅವಳು ತಿರುಗಿ ನೋಡಲಿಲ್ಲ. ಗೋಡೆಯ ಕೆಳಗೆ ಕುಳಿತು ಹಗ್ಗವನ್ನು ಬಿಡಿಸತೊಡಗಿದಳು. ಗೇಣು ಗೇಣಾಗಿ ಬಿಡಿಸಿದಳು. ನಡುಮಧ್ಯದಲ್ಲಿ ಒಂದು ಚೋಟುದ್ದ ಹಳೆಯ ನಾರು ಸಿಕ್ಕಿತು. ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದು ಒಂದು ದಿನ ಹರಿಯುತ್ತಿತ್ತೋ, ಮಗು ನಡೆಯುವ ತನಕ ಬಾಳುತ್ತಿತ್ತೋ ಯಾರೂ ಹೇಳಲಾರರು. ಇಷ್ಟು ವರ್ಷ ಯಾವ ತೊಟ್ಟಿಲೂ ಬಿದ್ದಿರಲಿಲ್ಲ. ಅವಳು ಆ ನಾರನ್ನು ಎಳೆದು ಪಕ್ಕಕ್ಕಿಟ್ಟಳು. ಎರಡನೆಯ ಹಗ್ಗ ತೆಗೆದುಕೊಂಡಳು. ಹನ್ನೊಂದು ಹಗ್ಗ ತಂದಿದ್ದಳು. ಸಂತೆ ಮುಗಿಯುವ ಹೊತ್ತಿಗೆ ಒಂದೂ ಹಗ್ಗವಾಗಿ ಉಳಿದಿರಲಿಲ್ಲ. ಎರಡು ತಿಂಗಳ ದುಡಿಮೆ ನಾರಾಗಿ ಅವಳ ಸುತ್ತ ಬಿದ್ದಿತ್ತು.

“ನಿನಗೇನು ಹುಚ್ಚೇನೇ?” ಎಂದು ಬಳೆಯವಳು ಬೈದಳು. “ಎತ್ತಿನವನು ಒಂದು ಹಗ್ಗ ಹರಿದ. ನೀನು ಹನ್ನೊಂದು ಹರಿದೆಯಲ್ಲ.”

ಹಗ್ಗದವಳು ಎದ್ದು ಸುಣ್ಣ ತೆಗೆದುಕೊಂಡಳು. ರೈತನ ಸಾಲಿನ ಕೆಳಗೆ ತನ್ನ ಸಾಲು ಬರೆದಳು: “ಮುಂದಿನ ಸಂತೆಗೆ ಬನ್ನಿ.” ರೈತನ ಹೆಸರಿಲ್ಲ, ಎತ್ತಿಲ್ಲ, ಕೆಸರಿಲ್ಲ. ಮುದುಕ ಅದನ್ನು ಎರಡು ಸಲ ಓದಿಕೊಂಡ. ಇದರಲ್ಲಿ ಹೇಳಿ ನಗಿಸುವಂಥದ್ದು ಏನೂ ಇಲ್ಲವಲ್ಲ ಎಂದು ಅವನಿಗೆ ಬೇಸರವಾಯಿತು.

ಮುಂದಿನ ವಾರ ಜನ ಬಂದರು. ಕೊಳ್ಳಲು ಏನೂ ಇಲ್ಲದವರೂ ಬಂದರು. ಹಗ್ಗದವಳ ಬಳಿ ಇದ್ದದ್ದು ಒಂದೇ ಹಗ್ಗ. ಅದನ್ನು ಹುಣಸೆಯ ಕೊಂಬೆಗೆ ಹಾಕಿದಳು. ಜೋಲಿ ಕಟ್ಟಿದಳು. ಮಗುವನ್ನು ಎತ್ತಿ ಮಲಗಿಸಿದಳು. ಈ ಸಲ ಕೈ ನಿಲ್ಲಲಿಲ್ಲ. ಒಮ್ಮೆ ತೂಗಿ, ಜೋಲಿಗೆ ಬೆನ್ನು ಮಾಡಿ ಕೂತು, ಮುಂದಿನ ಹಗ್ಗಕ್ಕೆ ನಾರು ಆರಿಸತೊಡಗಿದಳು.

ಬೆನ್ನು ಮಾಡಿ ಕೂತಳು. ತಾಯಂದಿರಾದವರಿಗೆ ಅದು ಎಂಥದ್ದು ಎಂದು ಗೊತ್ತು. ಸಂತೆಯ ಗದ್ದಲ ಮೊದಲು ಹತ್ತಿರದಲ್ಲಿ ನಿಂತಿತು. ಆಮೇಲೆ ದೂರದಲ್ಲಿ ನಿಂತಿತು. ಕೊನೆಗೆ ಮೆಣಸಿನಕಾಯಿ ಮಾರುವವರ ಸಾಲಿನಲ್ಲೂ ನಿಂತಿತು. ಅಷ್ಟು ಜನ ಸೇರಿದ್ದ ಜಾಗದಲ್ಲಿ ಕೊಂಬೆಗೆ ಹಗ್ಗ ಉಜ್ಜುವ ಸದ್ದು ಒಂದೇ ಕೇಳುತ್ತಿತ್ತು. ಗೋಡೆಯ ಮೇಲೆ ಸುಣ್ಣದಲ್ಲಿ ‘ಇವಳ ಹಗ್ಗ ಹರಿಯಿತು’ ಎಂದು ಬರೆದಿತ್ತು. ಎದುರಿಗೆ ಮಗು ನಿದ್ದೆ ಹೋಯಿತು. ಬಾಯಿಬಡುಕಿ ಬಳೆಯವಳು ತಲೆಯ ಮೇಲೆ ಸೆರಗು ಹೊದ್ದುಕೊಂಡಳು, ದೇವರ ಮುಂದೆ ನಿಂತವಳ ಹಾಗೆ.

ಹೋದ ವಾರದ ಬಾಣಂತಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಹಗ್ಗದ ಮೇಲೆ ಕೈಯಾಡಿಸಿದಳು. ಬಹಳ ಹೊತ್ತು ಆಡಿಸಿದಳು. ಆಮೇಲೆ ಯಾರನ್ನೂ ಕೇಳದೆ ತನ್ನ ಮಗುವನ್ನೂ ಆ ಜೋಲಿಯಲ್ಲಿ, ಈ ಮಗುವಿನ ಪಕ್ಕದಲ್ಲಿ ಮಲಗಿಸಿದಳು.

ಹಗ್ಗದವಳ ಬೆನ್ನಿಗೆ ಅದು ಹೇಗೋ ತಿಳಿಯಿತು. ಅವಳು ತಿರುಗಿದಳು.

“ನನಗೆ ಈ ಹಗ್ಗ ಕೊಡಕ್ಕ” ಎಂದಳು ಬಾಣಂತಿ.

“ಇಂಥದ್ದೇ ಇನ್ನೊಂದು ಹೊಸೆದು ಕೊಡುತ್ತೇನೆ. ಇದು ನನ್ನ ಮಗುವಿನದು.”

“ಅದಕ್ಕೇ ಕೇಳಿದ್ದು.”

ಹಗ್ಗದವಳು ಅಳಲಿಲ್ಲ, ನಗಲಿಲ್ಲ. ಎರಡು ಮಕ್ಕಳೂ ಏಳುವ ತನಕ ಇಬ್ಬರೂ ಕಾದರು. ಮಕ್ಕಳು ಎದ್ದ ಮೇಲೆ ಹಗ್ಗ ಬಿಚ್ಚಿ, ಸುತ್ತಿ, ಬಾಣಂತಿಯ ಕೈಗೆ ಕೊಟ್ಟಳು. ಅಂದಿನಿಂದ ಹಗ್ಗದವಳ ಮನೆಯಲ್ಲಿ ಎರಡು ಬಗೆಯ ಹಗ್ಗ ಇರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಕತೆ ದೊಡ್ಡದಾಗಿತ್ತು. ಆದರೂ ದಾಕ್ಷಾಯಣಿ ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿರಲಿಲ್ಲ.

“ಆ ರೈತ ಏನಾದ ಬುದ್ಧಿ?”

“ಅವನೂ ಆ ದಿನ ಸಂತೆಯಲ್ಲೇ ಇದ್ದ. ಹೆಂಡತಿಯೂ ಜೊತೆಗಿದ್ದಳು. ಬಾಣಂತಿ ಮಗುವನ್ನು ಮಲಗಿಸಿದ್ದನ್ನು ಇಬ್ಬರೂ ನೋಡಿದರು. ಅವನಿಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಕೆಸರಿನ ವಿಷಯವನ್ನು ಹೆಂಡತಿಗೆ ಅಲ್ಲೇ ಹೇಳಿದ. ಬೈಸಿಕೊಂಡ.”

“ಹಾಗಾದರೆ ಅವನೇ ಬಂದು ಬರಹ ಅಳಿಸಿರಬೇಕು” ಎಂದಳು ದಾಕ್ಷಾಯಣಿ. ಅವಳ ಬೆರಳು ಇನ್ನೂ ಫೋನಿನ ಮೇಲಿತ್ತು. “ಅಷ್ಟಾದರೂ ಆಯಿತಲ್ಲ. ಅಳಿಸಿದ ತಾನೇ?”

“ಒದ್ದೆ ಬಟ್ಟೆ ಹಿಡಿದು ಗೋಡೆಯ ತನಕ ಹೋದ ತಾಯಿ. ‘ನನ್ನ ಎರಡು ಬಗೆಯ ಹಗ್ಗವನ್ನು ನನಗೆ ತೋರಿಸಿಕೊಟ್ಟ ಸಾಲು ಇದು, ಇರಲಿ ಬಿಡು’ ಎಂದು ಅವನ ಕೈ ಹಿಡಿದು ತಡೆದವಳು ಆ ಹಗ್ಗದವಳೇ.”