ಟರ್ಬೊ ಕಾರಿಗೆ ಬೋರಲಿಂಗ ಐಡ್ಲಿಂಗ್ ಕೂರಿಸಿದ್ದು

ಕೇಳಿ, ಇದು ರಾಜರಾಣಿಯರ ಕಾಲದ್ದಲ್ಲ, ಡೀಸೆಲ್ ಕಾರಿನ ಕಾಲದ್ದು. ಅರಸೀಕೆರೆಯಲ್ಲಿ ಹೊಂಬಾಳಮ್ಮ ಅಂತ ಒಬ್ಬಾಕೆ. ಆಕೆಗೆ ಬೋರಲಿಂಗ ಅಂತ ಒಬ್ಬನೇ ಮಗ. ಆಳು ನೋಡಿದರೆ ಕಂಬದ ಹಾಗೆ, ಮನಸ್ಸು ಹಾಲಿನ ಹಾಗೆ. ಬುದ್ಧಿ ಹಂಚುವ ಹೊತ್ತಿಗೆ ಮಾತ್ರ ಪುಣ್ಯಾತ್ಮ ಎಲ್ಲಿಗೋ ಹೋಗಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಬಂದಿದ್ದ ತಾಪತ್ರಯ.

ಆಕೆಯ ಗಂಡ ರಾಮಲಿಂಗಣ್ಣ ಬಾಡಿಗೆ ಕಾರು ಓಡಿಸಿ ಮನೆ ನಡೆಸಿದವನು. ಹಿಂದುಗಡೆ ಕೆಂಪಕ್ಷರದಲ್ಲಿ ‘ಟರ್ಬೊ’ ಅಂತ ಬರೆದಿದ್ದ ಬಿಳಿ ಕಾರು. ಆಗ ಬೀದಿ ಮಕ್ಕಳೆಲ್ಲ ಅದರ ಹಿಂದೆ ಓಡಿದ್ದೇ ಓಡಿದ್ದು! ಸಂಜೆ ಮನೆ ಮುಂದೆ ಬಂದು ನಿಂತರೆ ಗುಡುಗುಡು ಗುಡುಗುಡು ಅಂತ ಒಂದೇ ಸಮನೆ ಸದ್ದು. ಆ ಸದ್ದು ಕೇಳಿದರೆ ಹೊಂಬಾಳಮ್ಮನಿಗೆ ದಿನವೆಲ್ಲ ಪಟ್ಟ ಪಾಡು ಮರೆತೇಹೋಗುತ್ತಿತ್ತು. ಎಂಥ ದಿನಗಳವು! ಅವನು ತೀರಿಕೊಂಡ ಮೇಲೆ ಕಾರೂ ಮೂಲೆ ಹಿಡಿಯಿತು. ಸ್ಟಾರ್ಟ್ ಮಾಡಿದರೆ ಒಂದೆರಡು ಸಲ ಗುಡುಗುಟ್ಟಿ ಆರಿಹೋಗುತ್ತಿತ್ತು.

ಹೊಂಬಾಳಮ್ಮನ ಅಣ್ಣ ಮರಿಸ್ವಾಮಿ ಖಡಾಖಂಡಿತ ಹೇಳಿಬಿಟ್ಟ: “ನೋಡು ಹೊಂಬಾಳು, ಭಾನುವಾರ ಬರ್ತೀನಿ. ನಾನು ಕಾಫಿ ಕುಡಿಯೋವರೆಗೂ ಗಾಡಿ ನಿಂತಲ್ಲೇ ಓಡ್ತಾ ಇದ್ರೆ ಇಟ್ಕೊ. ಇಲ್ದಿದ್ರೆ ಗುಜರಿಗೆ!”

ಕಾರು ಗುಜರಿಗೆ ಹೋದರೆ ಆ ಸದ್ದು ಇನ್ನೆಲ್ಲಿ? ಹೊಂಬಾಳಮ್ಮ ಮಗನನ್ನು ಗ್ಯಾರೇಜಿನ ಪ್ಯಾರೂಸಾಬರ ಮನೆಗೆ ಓಡಿಸಿದಳು. ಸಾಬರಿಗೆ ಸೊಂಟ ಹಿಡಿದಿತ್ತು. ಮಲಗಿದಲ್ಲಿಂದಲೇ ಹೇಳಿದರು: “ಗಾಡಿ ನಿಂತಲ್ಲೇ ಓಡೋ ಐಡ್ಲಿಂಗ್ ಇಳಿದೈತೆ ಕಣಪ್ಪ, ಅಷ್ಟೇ. ಎಂಜಿನ್ನಿನ ಪಂಪಿನ ಪಕ್ಕ ಒಂದು ಸ್ಕ್ರೂ ಐತೆ, ಅದನ್ನ ತಿರುಗಿಸ್ಬೇಕು. ಆದ್ರೆ ಮೊದ್ಲು ಎಂಜಿನ್ ಬಿಸಿ ಆಗ್ಬೇಕು. ತಣ್ಣಗಿದ್ದಾಗ ಮುಟ್ಟಬೇಡ!”

ಬೋರಲಿಂಗ ಮನೆಗೆ ಬಂದ. ಬಾನೆಟ್ ಎತ್ತಿದ. ಎಂಜಿನ್ನಿಗೆ ಕಂಬಳಿ ಹೊದಿಸಿದ. ಬಿಸಿನೀರಲ್ಲಿ ಬಟ್ಟೆ ಅದ್ದಿ ಅದ್ದಿ ಶಾಖ ಕೊಡುತ್ತಾ ಕೂತ.

“ಅಯ್ಯೋ ನನ್ ಕರ್ಮವೇ! ಅದೇನು ಬಾಣಂತೀನೇನೋ? ಸ್ಟಾರ್ಟ್ ಮಾಡಿ ಬಿಟ್ಟು, ಬಿಸಿ ಆಗೋವರೆಗೂ ಮುಟ್ಟದೆ ಕಾಯ್ಬೇಕು ಕಣೋ!” ಅಂದಳು ಹೊಂಬಾಳಮ್ಮ.

“ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ.”

ಹಂಗೇ ಮಾಡಿದ. ಹೊಂಬಾಳಮ್ಮ ಒಲೆ ಮೇಲೆ ಹಾಲಿಟ್ಟು, “ನೋಡ್ಕೊಳೋ” ಅಂದು ಹಿತ್ತಲಿಗೆ ಹೋದಳು. ಇವನು ಕೈಕಟ್ಟಿ ಕೂತ. ಹಾಲು ಬುಸಬುಸ ಏರಿತು. ಉಕ್ಕಿತು. ಒಲೆಯನ್ನೇ ಆರಿಸಿತು. ಕೈ ಕಟ್ಟಿದ್ದು ಕಟ್ಟಿದ ಹಾಗೇ!

“ಮುಟ್ಟದೆ ಕಾಯಿ ಅಂದ್ಯಲ್ಲವ್ವ!”

“ಥೂ ಮಂಕೆ! ಸದ್ದು ಮಾಡ್ಕೊಂಡು ಏರ್ತಾ ಇದ್ರೆ ಬೇಗ ಇಳಿಸ್ಬೇಕು ಕಣೋ!”

“ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ.”

ಹಂಗೇ ಮಾಡಿದ. ಕಾರು ಸ್ಟಾರ್ಟ್ ಮಾಡಿ, ಆರದ ಹಾಗೆ ಕಾಲಲ್ಲಿ ಒತ್ತಿ ಒತ್ತಿ ಬಿಸಿ ಮಾಡಿದ. ಸದ್ದು ಚೆನ್ನಾಗಿ ಏರಿತು. ಏರಿದ್ದೇ ತಡ, ಇಳಿದು ಓಡಿ ಸ್ಕ್ರೂ ಹಿಡಿದು ಇಳಿಸಿದ, ಇಳಿಸಿದ, ಪೂರ್ತಿ ಇಳಿಸಿದ. ಕಾರು ಗಪ್ಪಂತ ನಿಂತಿತು.

ಬೋರಲಿಂಗ ಓಡಿಬಂದು ಹೇಳಿದ್ದು ಕೇಳಿ ಪ್ಯಾರೂಸಾಬರು ಮಲಗಿದಲ್ಲೇ ಹಣೆ ಚಚ್ಚಿಕೊಂಡರು. “ಎಲ್ಲಿಂದ ಗಂಟು ಬಿದ್ದೆಯೋ ಮಾರಾಯ! ಸದ್ದು ಇಳೀತಾ ಬಂದ್ರೆ ಮೆಲ್ಲಗೆ ಕಾಲುಭಾಗ ಸುತ್ತು ತಿರುಗಿಸ್ಬೇಕು. ತಾನಾಗೇ ಏರ್ತೈತೆ!”

“ಆಯ್ತು ಸಾಬ್ರೇ, ಇನ್ಮೇಲೆ ಹಂಗೇ ಮಾಡ್ತೀನಿ.”

ಮನೆಗೆ ಬರುವ ದಾರಿಯಲ್ಲಿ ಪಕ್ಕದ ಮನೆ ಈರಜ್ಜ ಜಗಲಿ ಮೇಲೆ ಗೊರಕೆ ಹೊಡೆಯುತ್ತಿದ್ದ. ಗೊರ್ ಗೊರ್ ಅಂತಿದ್ದ ಸದ್ದು ಮೆಲ್ಲಗೆ ಇಳಿಯುತ್ತಾ ಬಂತು. ಬೋರಲಿಂಗ ಬಗ್ಗಿ ನೋಡಿದ. ಸ್ಕ್ರೂ ಕಾಣಲಿಲ್ಲ. ಕಿವಿ ಕಂಡಿತು. ಹಿಡಿದು ತಿರುವಿದ!

“ಅಯ್ಯಯ್ಯೋ ಸತ್ತೆ!” ಅಂತ ಅಜ್ಜ ಕಿರುಚಿದ್ದಕ್ಕೆ ಬೀದಿಗೆ ಬೀದಿಯೇ ಸೇರಿತು. ಹೊಂಬಾಳಮ್ಮ ಪೊರಕೆ ಹಿಡಿದು ಬಂದಳು.

“ಕಾಲುಭಾಗಾನೇ ತಿರುಗಿಸಿದ್ದವ್ವ. ಎಷ್ಟು ಚೆನ್ನಾಗಿ ಏರ್ತು ನೋಡು!”

ಇವನನ್ನು ನೆಚ್ಚಿದರೆ ಕಾರು ಉಳಿಯುವುದಿಲ್ಲ ಅಂತ ಭಾನುವಾರ ಬೆಳಿಗ್ಗೆ ಪ್ಯಾರೂಸಾಬರೇ ಸೊಂಟ ಹಿಡಿದುಕೊಂಡು ಬಂದರು. ಎಂಜಿನ್ ಬಿಸಿ ಮಾಡಿ, ಕಿವಿಗೊಟ್ಟು ಕೇಳಿ, ಸ್ಕ್ರೂವನ್ನು ಇಷ್ಟೇ ಇಷ್ಟು ತಿರುಗಿಸಿದರು. ಗುಡುಗುಡು ಗುಡುಗುಡು! ಹೊಂಬಾಳಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು, ಕಣ್ಣಲ್ಲಿ ನೀರು ಬಂತು.

“ಅದೇ ಸದ್ದು ಕಣೋ ಬೋರ! ನಿಮ್ಮಪ್ಪನೇ ಬಂದಂಗಾಯ್ತು. ಮಾವ ಬಂದು ಕೇಳೋವರೆಗೂ ಈ ಸದ್ದು ನಿಲ್ಲಕ್ಕೆ ಬಿಡಬೇಡಪ್ಪ!”

ಸಾಬರೂ ಹೋಗುವಾಗ ಒಂದು ಮಾತು ಸೇರಿಸಿದರು: “ಟರ್ಬೊ ಗಾಡಿ ಇದು. ಪಟ್ ಅಂತ ಆಫ್ ಮಾಡ್ಬಾರ್ದು. ಸ್ವಲ್ಪ ಹೊತ್ತು ಹಂಗೇ ಓಡಲಿ, ಕಾದಿರೋ ಟರ್ಬೊ ಆರಲಿ, ಆಮೇಲೆ ನಿಲ್ಸು. ನಿಮ್ಮಪ್ಪ ಹಂಗೇ ಮಾಡ್ತಿದ್ದ.”

“ಆಯ್ತು, ಹಂಗೇ ಮಾಡ್ತೀನಿ.”

ಮರಿಸ್ವಾಮಿಯ ರೈಲು ತಡ. ಬೋರಲಿಂಗ ಸ್ಟೇರಿಂಗ್ ಹಿಡಿದು ಕೂತವನು ಎದ್ದರೆ ಕೇಳಿ! ಒಳಗೆ ಹೊಂಬಾಳಮ್ಮ ಆ ಸದ್ದು ಕೇಳುತ್ತಾ ಒಬ್ಬಟ್ಟು ತಟ್ಟುತ್ತಿದ್ದಳು. ಡೀಸೆಲ್ ಎಷ್ಟಿದೆ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಮಧ್ಯಾಹ್ನ ಮರಿಸ್ವಾಮಿ ಬಂದ, ಕೂತ, ಕಾಫಿ ಲೋಟ ತುಟಿಗಿಟ್ಟ. ಆಗ ಹೊರಗೆ ಕೊಕ್ ಕೊಕ್ ಅಂತ ಕೆಮ್ಮಿದ ಹಾಗಾಯಿತು. ಹೊಂಬಾಳಮ್ಮ ತಟ್ಟೆ ಕೆಳಗಿಟ್ಟು ಬಾಗಿಲ ಕಡೆ ತಿರುಗಿದಳು. ಅಷ್ಟರಲ್ಲಿ ಮತ್ತೆ ಗುಡುಗುಡು ಗುಡುಗುಡು!

“ಪರವಾಗಿಲ್ಲ ಕಣೇ, ಭಾವ ಇದ್ದಾಗಿನ ಹಂಗೇ ಐತೆ” ಅಂದ ಮರಿಸ್ವಾಮಿ. ಲೋಟ ಖಾಲಿ ಮಾಡಿ, ತಂಗಿಯ ಜೊತೆ ಹೊರಗೆ ಬಂದು, ಕಿಟಕಿಯಲ್ಲಿ ಕೈ ಹಾಕಿ ಕೀಲಿ ತಿರುಗಿಸಿ ಕಿತ್ತುಕೊಂಡ.

ಸದ್ದು ನಿಲ್ಲಲಿಲ್ಲ.

ಕೀಲಿ ನೋಡಿದ. ಕಾರು ನೋಡಿದ. ಬಾನೆಟ್ ಅಲುಗುತ್ತಿಲ್ಲ. ಬೋರಲಿಂಗನ ಕೆನ್ನೆ ಮಾತ್ರ ಬೋಂಡಾದ ಹಾಗೆ ಉಬ್ಬಿ, ಮುಖ ಕೆಂಪಾಗಿ, ತುಟಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಗುಡುಗುಡು ಗುಡುಗುಡು!

ಮರಿಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು ಕೀಲಿಯನ್ನು ತಂಗಿಯ ಕೈಗಿಟ್ಟ. “ಇಟ್ಕೊಳಮ್ಮ. ನನಗ್ಯಾಕೆ ಈ ಪಾಪ.” ಹೊಂಬಾಳಮ್ಮ ಅಳಲೋ ನಗಲೋ ಗೊತ್ತಾಗದೆ ಮಗನ ತಲೆ ಸವರಿದಳು.

“ಮಾವ ಕೇಳಿದ್ದಾಯ್ತು ಕಣೋ! ಸಾಕು, ನಿಲ್ಸಪ್ಪ!”

ಬೋರಲಿಂಗ ಒಂದು ಉಸಿರು ಎಳೆದುಕೊಂಡ. “ಹೆಂಗವ್ವ ಪಟ್ ಅಂತ ನಿಲ್ಲಿಸ್ಲಿ? ಟರ್ಬೊ ಆರ್ಬೇಕಲ್ಲ!” ಅಂದು, ಮತ್ತೆ ಕೆನ್ನೆ ಉಬ್ಬಿಸಿ, ಗುಡುಗುಡು ಗುಡುಗುಡು ಶುರು ಹಚ್ಚಿಕೊಂಡ.